ಸೂಲಗಿತ್ತಿ, ವೈದ್ಯ ಮತ್ತು ಲೆಕ್ಕದ ಪುಸ್ತಕ



ಸೂಲು ಎಂದರೆ ಹೆರಿಗೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಇಂಗ್ಲಿಷಿನ ಮಿಡ್‌ವೈಫ್ ಎಂಬ ಪದದ ಮೂಲಾರ್ಥ ‘ಹೆಣ್ಣಿನ ಜೊತೆಗಿರುವವಳು’ ಎಂದು. ಪ್ರಸೂತಿ ವೈದ್ಯಶಾಸ್ತ್ರಕ್ಕೆ ಆ ಭಾಷೆಯಲ್ಲಿ ಅಬ್‌ಸ್ಟೆಟ್ರಿಕ್ಸ್ ಎಂಬ ಹೆಸರಿದೆ. ಆ ಹೆಸರು ಬಂದದ್ದು ಸೂಲಗಿತ್ತಿ ಎಂಬುದಕ್ಕೆ ಲ್ಯಾಟಿನ್ ಭಾಷೆಯಲ್ಲಿದ್ದ ಪದದಿಂದ. ‘ಎದುರಿಗೆ ನಿಲ್ಲುವವಳು’ ಎಂದು ಅದರ ಅರ್ಥ. ಹೀಗೆ ವೈದ್ಯರ ಶಾಸ್ತ್ರಕ್ಕೆ ಹೆಸರು ಕೊಟ್ಟವಳೂ ಸೂಲಗಿತ್ತಿಯೇ. ಆದರೆ ಕಳೆದ ಮುನ್ನೂರು ವರ್ಷಗಳಲ್ಲಿ ಈ ಇಬ್ಬರ ಸಂಬಂಧ ಎಲ್ಲ ಕಡೆಯೂ ಸರಾಗವಾಗಿರಲಿಲ್ಲ. ಕೆಲವು ದೇಶಗಳಲ್ಲಿ ಒಬ್ಬರು ಇನ್ನೊಬ್ಬರನ್ನು ಹೊರದೂಡಿದರು. ಕೆಲವೆಡೆ ಬೇರೆ ಬೇರೆ ಕೋಣೆಗಳಲ್ಲಿ ಉಳಿದರು. ಎಲ್ಲೋ ಕೆಲವು ಕಡೆ ಮಾತ್ರ ಕೆಲಸವನ್ನು ಹಂಚಿಕೊಂಡರು.

ಹಂಚಿಕೊಂಡ ಕಡೆ ತಾಯಂದಿರು ಹೆಚ್ಚು ಬದುಕಿದರೇ? ಬದುಕಿದ್ದರೆ ಅದನ್ನು ತೋರಿಸುವುದು ಹೇಗೆ? ಹೆರಿಗೆಗಳನ್ನು ಎಣಿಸಬಹುದು, ಸಾವುಗಳನ್ನು ಎಣಿಸಬಹುದು. ಆದರೆ ಇಬ್ಬರು ಕೂಡಿ ಮಾಡುವ ಕೆಲಸಕ್ಕೆ, ಅವರ ನಡುವಿನ ವಿಶ್ವಾಸಕ್ಕೆ ಅಳತೆಗೋಲು ಎಲ್ಲಿಂದ ತರುವುದು? ಕೇಳುವುದಕ್ಕೆ ಇದು ವಿದ್ವಾಂಸರ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಇದರ ಉತ್ತರವನ್ನು ಅವಲಂಬಿಸಿ ಸರ್ಕಾರಗಳು ಕಾನೂನು ಮಾಡಿವೆ, ಹುದ್ದೆಗಳನ್ನು ಸೃಷ್ಟಿಸಿವೆ, ರದ್ದು ಮಾಡಿವೆ. ಅದರ ಫಲವನ್ನು ಉಂಡವರು ಬಸುರಿ, ಬಾಣಂತಿಯರು.

ಎರಡು ವಿಭಾಗ, ಎರಡು ಪುಸ್ತಕ

ಮೊದಲು, ಇಬ್ಬರೂ ಕೂಡಿ ದುಡಿಯದಿದ್ದ ಒಂದು ಸ್ಥಳವನ್ನು ನೋಡಬೇಕು. ಆಸ್ಟ್ರಿಯದ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. 1840ರ ಅಕ್ಟೋಬರಿನಲ್ಲಿ ಹೊರಟ ಆಜ್ಞೆಯೊಂದರ ಪ್ರಕಾರ ಗಂಡು ವೈದ್ಯ ವಿದ್ಯಾರ್ಥಿಗಳೆಲ್ಲ ಮೊದಲನೆಯ ವಿಭಾಗಕ್ಕೆ, ಸೂಲಗಿತ್ತಿ ವಿದ್ಯೆ ಕಲಿಯುವ ಹೆಣ್ಣುಮಕ್ಕಳೆಲ್ಲ ಎರಡನೆಯ ವಿಭಾಗಕ್ಕೆ ಹೋದರು. ಹೆರಿಗೆಗೆ ಬಂದವರನ್ನು ಸರದಿಯ ದಿನಗಳಂತೆ ಒಂದೊಂದು ವಿಭಾಗಕ್ಕೆ ಸೇರಿಸುತ್ತಿದ್ದರು. ಯಾರು ಯಾವ ಕಡೆ ಹೋಗಬೇಕೆಂಬುದನ್ನು ರೋಗ ನಿರ್ಧರಿಸುತ್ತಿರಲಿಲ್ಲ, ಬಂದ ದಿನ ನಿರ್ಧರಿಸುತ್ತಿತ್ತು.

ಆಡಳಿತದ ಅನುಕೂಲಕ್ಕೆಂದು ಮಾಡಿದ ಈ ಏರ್ಪಾಡು ಯಾರೂ ಬಯಸದೆಯೇ ಒಂದು ದೊಡ್ಡ ಪ್ರಯೋಗವಾಯಿತು. 1841ರಿಂದ 1846ರವರೆಗಿನ ಆರು ವರ್ಷಗಳಲ್ಲಿ ವೈದ್ಯರ ವಿಭಾಗದಲ್ಲಿ 20,042 ಹೆರಿಗೆಗಳಾಗಿ 1,989 ತಾಯಂದಿರು ತೀರಿಕೊಂಡರು. ಸೂಲಗಿತ್ತಿಯರ ವಿಭಾಗದಲ್ಲಿ 17,791 ಹೆರಿಗೆಗಳಿಗೆ 691 ಸಾವು. ಒಂದು ಕಡೆ ನೂರಕ್ಕೆ ಸುಮಾರು ಹತ್ತು, ಇನ್ನೊಂದು ಕಡೆ ನಾಲ್ಕಕ್ಕಿಂತ ಕಡಿಮೆ. ಊರಿನ ಬಡ ಹೆಂಗಸರಿಗೆ ಈ ಲೆಕ್ಕ ಪುಸ್ತಕ ನೋಡದೆಯೇ ಗೊತ್ತಿತ್ತು. ಮೊದಲನೆಯ ವಿಭಾಗಕ್ಕೆ ಮಾತ್ರ ಹಾಕಬೇಡಿರೆಂದು ಅವರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರು.

1846ರಲ್ಲಿ ಮೊದಲನೆಯ ವಿಭಾಗದ ಸಹಾಯಕನಾಗಿ ಬಂದ ಇಗ್ನಾಜ್ ಸೆಮ್ಮೆಲ್‌ವೈಸ್ ಈ ವ್ಯತ್ಯಾಸದ ಬೆನ್ನು ಹತ್ತಿದ. ಗಾಳಿ, ಆಹಾರ, ಜನಸಂದಣಿ, ಹೆರುವಾಗಿನ ಭಂಗಿ ಎಲ್ಲವನ್ನೂ ಹೋಲಿಸಿ ನೋಡಿದ. 1847ರ ಮಾರ್ಚಿನಲ್ಲಿ ಅವನ ಸ್ನೇಹಿತ ಯಾಕೋಬ್ ಕೊಲೆಚ್ಕಾ ಶವಪರೀಕ್ಷೆಯ ವೇಳೆ ಚಾಕು ತಗುಲಿ, ಬಾಣಂತಿ ಜ್ವರದ ಲಕ್ಷಣಗಳನ್ನೇ ತೋರಿ ಸತ್ತ. ಆಗ ಕಾರಣ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಾಗಾರದಿಂದ ನೇರವಾಗಿ ಹೆರಿಗೆಯ ಮಂಚದ ಬಳಿ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವಪರೀಕ್ಷೆಯ ಪಾಠವಿರಲಿಲ್ಲ. ಮೇ ತಿಂಗಳಿನಿಂದ ಕ್ಲೋರಿನ್ ಬೆರೆಸಿದ ಸುಣ್ಣದ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ ಇಳಿಯಿತು. 1848ರಲ್ಲಿ ಎರಡೂ ವಿಭಾಗಗಳು ಸರಿಸಮವಾದವು. ವೈದ್ಯರ ಕಡೆ 1.27, ಸೂಲಗಿತ್ತಿಯರ ಕಡೆ 1.33.

ಈ ಕಥೆಯನ್ನು ಸಾಮಾನ್ಯವಾಗಿ ಕೈ ತೊಳೆಯುವುದರ ಮಹತ್ವ ಹೇಳಲು ಬಳಸುತ್ತಾರೆ. ಇಂದಿನ ವಿಷಯಕ್ಕೆ ಬೇಕಾದ ಪಾಠ ಬೇರೆ. ವಿಯೆನ್ನಾದ ಅಂಕಿಗಳನ್ನು 1846ರಲ್ಲೇ ನಿಲ್ಲಿಸಿದವನು ‘ಸೂಲಗಿತ್ತಿಯೇ ಮೇಲು’ ಎನ್ನುತ್ತಿದ್ದ. 1848ರವರೆಗೆ ಓದಿದವನು ‘ಕೈ ಶುದ್ಧವಾಗಿದ್ದರೆ ಇಬ್ಬರೂ ಸಮ’ ಎನ್ನುತ್ತಾನೆ. ಸಂಖ್ಯೆ ಯಾರ ಕೈಗುಣವನ್ನು ಹೇಳುತ್ತಿದೆ, ಯಾವ ಕಾರಣವನ್ನು ಹೇಳುತ್ತಿದೆ ಎಂಬುದನ್ನು ಬಿಡಿಸಿಕೊಳ್ಳದೆ ಅಳತೆಗೆ ಅರ್ಥವಿಲ್ಲ. ಜೊತೆಗೆ ಇನ್ನೊಂದು ಮಾತು. ಅಲ್ಲಿ ಅಳೆದದ್ದು ಇಬ್ಬರನ್ನು ಬೇರೆ ಬೇರೆಯಾಗಿ. ಕೂಡಿ ಮಾಡಿದ ಕೆಲಸವನ್ನು ಅಳೆಯಲು ಅಲ್ಲಿ ಅದು ಇರಲೇ ಇಲ್ಲ.

ಪಾದ್ರಿಗಳು ಬರೆದ ಪಟ್ಟಿ

ಕೂಡಿ ಮಾಡಿದ ಕೆಲಸವನ್ನು ನೋಡಬೇಕಾದರೆ ಉತ್ತರಕ್ಕೆ, ಸ್ವೀಡನ್‌ಗೆ ಹೋಗಬೇಕು. ಆ ದೇಶ 1749ರಲ್ಲಿ ಜನಗಣತಿಯ ಒಂದು ವಿಶಿಷ್ಟ ವ್ಯವಸ್ಥೆಯನ್ನು ಆರಂಭಿಸಿತು. ಪ್ರತಿ ಊರಿನ ಚರ್ಚಿನ ಪಾದ್ರಿ ತನ್ನ ವ್ಯಾಪ್ತಿಯಲ್ಲಿ ಹುಟ್ಟಿದವರನ್ನೂ ಸತ್ತವರನ್ನೂ, ಸಾವಿನ ಕಾರಣವನ್ನೂ ಅಚ್ಚಾದ ಕೋಷ್ಟಕದಲ್ಲಿ ತುಂಬಿ ಕಳಿಸಬೇಕಾಗಿತ್ತು. ಹೆರಿಗೆಯಲ್ಲಿ ಸತ್ತ ಹೆಂಗಸರಿಗೆ ಅದರಲ್ಲಿ ಪ್ರತ್ಯೇಕ ಸಾಲಿತ್ತು. ಅಲ್ಲಿಯವರೆಗೆ ಆಯಾ ಮನೆಯ ದುಃಖವಾಗಿದ್ದ ಸಾವು ಮೊದಲ ಬಾರಿಗೆ ಇಡೀ ದೇಶದ ಅಂಕಿಯಾಯಿತು.

ಆ ಅಂಕಿಯನ್ನು ನೋಡಿದ ಸ್ವೀಡನ್ನಿನ ವೈದ್ಯ ಮಂಡಳಿ ಹೇಳಿದ ಮಾತು ಚರಿತ್ರೆಯಲ್ಲಿ ಉಳಿದಿದೆ. 1751ರಲ್ಲಿ ಹೆರಿಗೆಯಲ್ಲಿ ಸತ್ತ 651 ಹೆಂಗಸರಲ್ಲಿ ಕನಿಷ್ಠ 400 ಮಂದಿಯನ್ನು ಸಾಕಷ್ಟು ಸೂಲಗಿತ್ತಿಯರಿದ್ದಿದ್ದರೆ ಉಳಿಸಬಹುದಾಗಿತ್ತು ಎಂದು ಅದು ಹೇಳಿತು. ಗಮನಿಸಬೇಕಾದ್ದೆಂದರೆ, ಇದನ್ನು ಹೇಳಿದವರು ವೈದ್ಯರು. ನಮ್ಮ ಸಂಖ್ಯೆ ಹೆಚ್ಚಿಸಿ ಎಂದು ಅವರು ಕೇಳಲಿಲ್ಲ. ಸೂಲಗಿತ್ತಿಯರನ್ನು ತಯಾರು ಮಾಡಿ ಎಂದರು.

ಈ ಮನೋಭಾವಕ್ಕೆ ಹಿನ್ನೆಲೆಯಿತ್ತು. ಯೋಹಾನ್ ವಾನ್ ಹೂರ್ನ್ ಎಂಬ ವೈದ್ಯ ಪ್ಯಾರಿಸ್‌ನಲ್ಲಿ ಪ್ರಸೂತಿ ವಿದ್ಯೆ ಕಲಿತು ಬಂದು 1697ರಲ್ಲೇ ಸೂಲಗಿತ್ತಿಯರಿಗಾಗಿ ಸ್ವೀಡಿಷ್ ಭಾಷೆಯಲ್ಲಿ ಪಠ್ಯಪುಸ್ತಕ ಬರೆದಿದ್ದ. 1715ರಲ್ಲಿ ಇನ್ನೊಂದು ಪುಸ್ತಕವನ್ನು ಪ್ರಶ್ನೋತ್ತರ ರೂಪದಲ್ಲಿ, ಬೈಬಲಿನ ಇಬ್ಬರು ಸೂಲಗಿತ್ತಿಯರಾದ ಶಿಫ್ರಾ ಮತ್ತು ಪೂವಾ ಅವರ ಹೆಸರಿನಲ್ಲಿ ಬರೆದ. ಲ್ಯಾಟಿನ್ ಬಾರದ ಹೆಂಗಸರ ಕೈಗೆ ವೈದ್ಯನ ತಿಳಿವಳಿಕೆ ಅವರದೇ ಭಾಷೆಯಲ್ಲಿ, ಅವರದೇ ಮಾತುಕತೆಯ ಧಾಟಿಯಲ್ಲಿ ತಲುಪಿತು. ಜ್ಞಾನವನ್ನು ಹಂಚಿಕೊಳ್ಳುವುದು ಸಹಕಾರದ ಮೊದಲ ಮೆಟ್ಟಿಲು.

ಎರಡನೆಯ ಮೆಟ್ಟಿಲು ಅಧಿಕಾರವನ್ನು ಹಂಚಿಕೊಳ್ಳುವುದು. ಅದು ಹೆಚ್ಚು ಕಷ್ಟ. ಸ್ವೀಡನ್ ವಿಶಾಲವಾದ ದೇಶ. ಊರುಗಳು ಚದುರಿದ್ದವು, ಚಳಿಗಾಲ ದೀರ್ಘ, ವೈದ್ಯರು ಬೆರಳೆಣಿಕೆ. ಮಗು ಅಡ್ಡ ಸಿಕ್ಕಿಕೊಂಡರೆ ವೈದ್ಯ ಬರುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಆದ್ದರಿಂದ 1829ರಲ್ಲಿ ಆ ದೇಶ ಬೇರೆಲ್ಲೂ ಊಹಿಸಲಾಗದ ಹೆಜ್ಜೆಯಿಟ್ಟಿತು. ವಿಶೇಷ ಶಿಕ್ಷಣ ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದ ಸೂಲಗಿತ್ತಿಯರು ಇಕ್ಕಳವೇ ಮೊದಲಾದ ಉಪಕರಣಗಳನ್ನು ಬಳಸಬಹುದೆಂದು ಅನುಮತಿ ಕೊಟ್ಟಿತು. ಸ್ಟಾಕ್‌ಹೋಮಿನ ಪ್ರಾಧ್ಯಾಪಕ ಪೇರ್ ಗುಸ್ತಾಫ್ ಸೆಡರ್‌ಶೋಲ್ಡ್ ಇದರ ಪರವಾಗಿ ನಿಂತ. ಯುರೋಪಿನ ಉಳಿದೆಡೆಗಳಲ್ಲಿ ಇಕ್ಕಳ ವೈದ್ಯನ ಸ್ವತ್ತು. ಅದು ಕೈಯಲ್ಲಿರುವುದೇ ಅವನು ವೈದ್ಯ ಎಂಬುದಕ್ಕೆ ಗುರುತು. ಇಲ್ಲಿ ಆ ಗುರುತನ್ನೇ ವೈದ್ಯರು ಬಿಟ್ಟುಕೊಟ್ಟರು.

ಆದರೆ ಅದು ಷರತ್ತಿಲ್ಲದ ಔದಾರ್ಯವಲ್ಲ. ವೈದ್ಯನನ್ನು ಕರೆಸಲು ಸಮಯವಿಲ್ಲದಾಗ ಮಾತ್ರ ಉಪಕರಣ ಬಳಸಬೇಕು. ಬಳಸಿದ ಪ್ರತಿಯೊಂದು ಸಂದರ್ಭದ ವರದಿಯನ್ನು ಬರೆದು ಒಪ್ಪಿಸಬೇಕು. ಈ ವರದಿಗಳಿಂದ ಇಡೀ ವ್ಯವಸ್ಥೆಗೆ ಕಣ್ಣು ಬಂತು. ಹಳ್ಳಿಯ ಸೂಲಗಿತ್ತಿ ಏನು ಮಾಡಿದಳು, ಯಾಕೆ ಮಾಡಿದಳು, ತಾಯಿಗೂ ಮಗುವಿಗೂ ಏನಾಯಿತು ಎಂಬುದನ್ನು ವೈದ್ಯ ಓದಬಹುದಾಗಿತ್ತು. ಇಬ್ಬರ ನಡುವಿನ ಕೂಡುಕೆಲಸ ಕಾಗದದ ಮೇಲೆ ಬಿತ್ತು. ಬಿದ್ದದ್ದರಿಂದಲೇ ಅದನ್ನು ಅಳೆಯುವುದು ಸಾಧ್ಯವಾಯಿತು.

1881ರಲ್ಲಿ ಮನೆ ಹೆರಿಗೆಗಳಲ್ಲೂ ಸೂಲಗಿತ್ತಿಯರು ಸೋಂಕು ನಿವಾರಕ ಕ್ರಮಗಳನ್ನು ಪಾಲಿಸಬೇಕೆಂಬ ನಿಯಮ ಬಂತು. ದೊಡ್ಡ ಆಸ್ಪತ್ರೆಗಳಲ್ಲಿ ಕಲಿತ ಪಾಠ ಸೂಲಗಿತ್ತಿಯ ಚೀಲದಲ್ಲಿ ಕೂತು ಹಳ್ಳಿಯ ಮನೆಗೆ ಹೋಯಿತು. 1751ರ ಸುಮಾರಿಗೆ ಪ್ರತಿ ಲಕ್ಷ ಜೀವಂತ ಜನನಗಳಿಗೆ ಸುಮಾರು 900 ಇದ್ದ ತಾಯಂದಿರ ಸಾವು 1900ರ ಹೊತ್ತಿಗೆ ಸುಮಾರು 230ಕ್ಕೆ ಇಳಿದಿತ್ತು. ಪೆನಿಸಿಲಿನ್ ಇರಲಿಲ್ಲ, ರಕ್ತನಿಧಿ ಇರಲಿಲ್ಲ, ಸುರಕ್ಷಿತ ಸಿಸೇರಿಯನ್ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ತಾಯಂದಿರ ಮರಣ ಪ್ರಮಾಣ ಅಮೆರಿಕದ ಮೂರನೆಯ ಒಂದು ಭಾಗದಷ್ಟಿತ್ತು. ಈ ಇಳಿಕೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಸ್ವೀಡಿಷ್ ವೈದ್ಯ ಉಲ್ಫ್ ಹೋಗ್‌ಬೆರ್ಗ್ 2004ರ ಲೇಖನವೊಂದರಲ್ಲಿ, ಸೂಲಗಿತ್ತಿ ಮತ್ತು ವೈದ್ಯರಿಗೆ ಪರಸ್ಪರ ಪೂರಕವಾದ ಪಾತ್ರಗಳನ್ನು ಕೊಟ್ಟ ರಾಷ್ಟ್ರೀಯ ನೀತಿಯೂ ಇದಕ್ಕೆ ನೆರವಾಯಿತು ಎಂದು ತೀರ್ಮಾನಿಸಿದ್ದಾರೆ.

ಕುದುರೆ ಏರಿದ ದಾದಿಯರು

ಅಮೆರಿಕ ಹಿಡಿದ ದಾರಿ ಇದಕ್ಕೆ ವಿರುದ್ಧವಾದದ್ದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಸುಮಾರು ಅರ್ಧದಷ್ಟು ಹೆರಿಗೆಗಳನ್ನು ಸೂಲಗಿತ್ತಿಯರೇ ಮಾಡಿಸುತ್ತಿದ್ದರು. ವಲಸೆ ಬಂದವರ ಬೀದಿಗಳಲ್ಲಿ ಅವರವರ ದೇಶದ ಸೂಲಗಿತ್ತಿಯರು, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರ ‘ಅಜ್ಜಿ’ ಸೂಲಗಿತ್ತಿಯರು. ಷಿಕಾಗೋದ ಖ್ಯಾತ ಪ್ರಸೂತಿ ತಜ್ಞ ಜೋಸೆಫ್ ಡಿಲೀ 1915ರಲ್ಲಿ ಸೂಲಗಿತ್ತಿಯನ್ನು ಅನಾಗರಿಕ ಯುಗದ ಪಳೆಯುಳಿಕೆ ಎಂದು ಕರೆದ. ಕೆಲವೇ ದಶಕಗಳಲ್ಲಿ ಅವರು ಮೂಲೆಗುಂಪಾದರು. ಆದರೆ ಸಾವು ಇಳಿಯಲಿಲ್ಲ. 1920ರ ದಶಕದುದ್ದಕ್ಕೂ ಅದು ಲಕ್ಷಕ್ಕೆ 600ರಿಂದ 700ರ ಆಸುಪಾಸಿನಲ್ಲೇ ನಿಂತಿತ್ತು.

ಆ ಕಾಲದಲ್ಲಿ ಕೆಂಟಕಿ ರಾಜ್ಯದ ಗುಡ್ಡಗಾಡಿನಲ್ಲಿ ಒಂದು ಬೇರೆ ಪ್ರಯತ್ನ ನಡೆಯಿತು. ಮೇರಿ ಬ್ರೆಕಿನ್‌ರಿಜ್ ಎಂಬ ದಾದಿ ತನ್ನ ಇಬ್ಬರು ಮಕ್ಕಳನ್ನು ಕಳೆದುಕೊಂಡವಳು. ಅವಳು ಇಂಗ್ಲೆಂಡಿಗೆ ಹೋಗಿ ಸೂಲಗಿತ್ತಿ ವಿದ್ಯೆ ಕಲಿತು, ಸ್ಕಾಟ್ಲೆಂಡಿನ ದ್ವೀಪಗಳ ಆರೋಗ್ಯ ವ್ಯವಸ್ಥೆಯನ್ನು ನೋಡಿ ಬಂದು, 1925ರಲ್ಲಿ ಲೆಸ್ಲಿ ಕೌಂಟಿಯಲ್ಲಿ ಕೆಲಸ ಆರಂಭಿಸಿದಳು. ಮುಂದೆ ಅದಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರಾಯಿತು. ರಸ್ತೆಯಿಲ್ಲದ ಕಣಿವೆಗಳಲ್ಲಿ ದಾದಿಯರು ಕುದುರೆಯ ಮೇಲೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಅವರು ಏನು ಮಾಡಬಹುದು, ಯಾವಾಗ ವೈದ್ಯನಿಗೆ ಹೇಳಿ ಕಳಿಸಬೇಕು ಎಂಬ ಲಿಖಿತ ಸೂಚನೆಗಳನ್ನು ಲೆಕ್ಸಿಂಗ್‌ಟನ್ ನಗರದ ವೈದ್ಯರ ಸಮಿತಿ ರೂಪಿಸಿಕೊಟ್ಟಿತ್ತು. ವೈದ್ಯ ಸ್ಥಳದಲ್ಲಿ ಇಲ್ಲದಿದ್ದರೂ ಅವನ ಮಾತು ದಾದಿಯ ಚೀಲದಲ್ಲಿತ್ತು.

ಬ್ರೆಕಿನ್‌ರಿಜ್ ಮೊದಲ ದಿನದಿಂದಲೂ ಲೆಕ್ಕ ಇಡಿಸಿದಳು. ಲೆಕ್ಕವನ್ನು ತಾನೇ ಕೂಡಿಸಿ ಹೇಳಿಕೊಳ್ಳಲಿಲ್ಲ. ಮೆಟ್ರೊಪಾಲಿಟನ್ ಜೀವವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಲೂಯಿಸ್ ಡಬ್ಲಿನ್ ಕೈಗೆ ಕೊಟ್ಟಳು. ಸಾವಿನ ಲೆಕ್ಕದಲ್ಲಿ ವಿಮಾ ಕಂಪನಿಗೆ ಭಾವುಕತೆ ಇರುವುದಿಲ್ಲವಷ್ಟೆ. ಮೊದಲ ಒಂದು ಸಾವಿರ ಹೆರಿಗೆಗಳನ್ನು ಪರಿಶೀಲಿಸಿದ ಡಬ್ಲಿನ್, ನೇರವಾಗಿ ಬಸಿರು ಅಥವಾ ಹೆರಿಗೆಯ ಕಾರಣದಿಂದ ಒಬ್ಬ ತಾಯಿಯೂ ಸತ್ತಿಲ್ಲವೆಂದು 1932ರಲ್ಲಿ ವರದಿ ಮಾಡಿದ. ತೀರಿಕೊಂಡ ಇಬ್ಬರಲ್ಲಿ ಒಬ್ಬಳಿಗೆ ಮೂತ್ರಪಿಂಡದ, ಇನ್ನೊಬ್ಬಳಿಗೆ ಹೃದಯದ ಕಾಯಿಲೆಯಿತ್ತು. ಇಂಥ ಸೇವೆ ದೇಶಕ್ಕೆಲ್ಲ ದೊರೆತರೆ ವರ್ಷಕ್ಕೆ ಹತ್ತು ಸಾವಿರ ತಾಯಂದಿರು ಉಳಿಯುತ್ತಾರೆ ಎಂದು ಅವನು ಅಂದಾಜು ಮಾಡಿದ. ಹೊರಗಿನವರ ಲೆಕ್ಕಪರಿಶೋಧನೆಗೆ ತನ್ನ ಪುಸ್ತಕವನ್ನು ತೆರೆದಿಟ್ಟ ಮಾದರಿಗಳಲ್ಲಿ ಇದು ಒಂದು. ಆದರೂ ಅಮೆರಿಕ ಈ ದಾರಿಯನ್ನು ದೇಶವ್ಯಾಪಿಯಾಗಿ ಹಿಡಿಯಲಿಲ್ಲ. ಒಳ್ಳೆಯ ಅಂಕಿ ಇದ್ದರೆ ನೀತಿ ತಾನಾಗಿ ಬದಲಾಗುತ್ತದೆ ಎನ್ನುವವರು ಇದನ್ನು ನೆನಪಿಡಬೇಕು.

ಒಂದು ಹಾಳೆ, ಎರಡು ಗೆರೆ

1972ರಲ್ಲಿ ಆಗಿನ ರೊಡೇಷ್ಯಾದಲ್ಲಿ, ಅಂದರೆ ಇಂದಿನ ಜಿಂಬಾಬ್ವೆಯಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ ಎಂಬಿಬ್ಬರು ಹೆರಿಗೆಯ ಪ್ರಗತಿಯನ್ನು ಗುರುತಿಸುವ ಒಂದು ಹಾಳೆಯನ್ನು ಸುಧಾರಿಸಿದರು. ಪಾರ್ಟೊಗ್ರಾಫ್ ಎಂದು ಅದರ ಹೆಸರು. ನೋವು ಶುರುವಾದ ಮೇಲೆ ಗರ್ಭಕೋಶದ ಬಾಯಿ ಗಂಟೆಗೆ ಎಷ್ಟು ತೆರೆದುಕೊಳ್ಳುತ್ತಿದೆ ಎಂಬುದನ್ನು ಚುಕ್ಕಿಯಿಟ್ಟು ಗುರುತಿಸುತ್ತ ಹೋಗುವುದು. ಹಾಳೆಯ ಮೇಲೆ ಓರೆಯಾಗಿ ಎರಡು ಗೆರೆ. ಚುಕ್ಕಿಗಳು ಮೊದಲ ಗೆರೆಯನ್ನು ದಾಟಿದರೆ ಎಚ್ಚರಿಕೆ: ಹೊರ ಕೇಂದ್ರದಲ್ಲಿರುವ ಸೂಲಗಿತ್ತಿ ಗರ್ಭಿಣಿಯನ್ನು ಆಸ್ಪತ್ರೆಗೆ ಕಳಿಸಬೇಕು. ಎರಡನೆಯದು ಅದರಿಂದ ನಾಲ್ಕು ಗಂಟೆಯ ದೂರದಲ್ಲಿದೆ. ಅದನ್ನು ದಾಟಿದರೆ ವೈದ್ಯ ನಿರ್ಧಾರ ತೆಗೆದುಕೊಳ್ಳಬೇಕು. ನಡುವಿನ ನಾಲ್ಕು ಗಂಟೆ ಪ್ರಯಾಣಕ್ಕೆ.

ಈ ಹಾಳೆಯ ಸರಳತೆ ಮೆಚ್ಚುವಂಥದು. ಒಂದು ಗೆರೆ ಸೂಲಗಿತ್ತಿಯ ಹೊಣೆ, ಇನ್ನೊಂದು ವೈದ್ಯರ ಹೊಣೆ. ‘ನೀವು ತಡಮಾಡಿದಿರಿ’, ‘ನೀವು ಅವಸರಪಟ್ಟಿರಿ’ ಎಂಬ ಜಗಳಕ್ಕೆ ಇಲ್ಲಿ ಸಾಕ್ಷಿಯಿದೆ. ವಿಶ್ವ ಆರೋಗ್ಯ ಸಂಸ್ಥೆ 1990-91ರಲ್ಲಿ ಆಗ್ನೇಯ ಏಷ್ಯಾದ ಆಸ್ಪತ್ರೆಗಳಲ್ಲಿ 35,484 ಹೆಂಗಸರ ಹೆರಿಗೆಗಳನ್ನು ಅಧ್ಯಯನ ಮಾಡಿತು. ಈ ಹಾಳೆ ಬಂದ ಮೇಲೆ 18 ಗಂಟೆ ಮೀರಿದ ಹೆರಿಗೆಗಳು ನೂರಕ್ಕೆ 6.4ರಿಂದ 3.4ಕ್ಕೆ ಇಳಿದವು.

ಆದರೆ ನಂತರದ ಪರಿಶೀಲನೆಗಳಲ್ಲಿ ಹಾಳೆಯೊಂದರಿಂದಲೇ ಇಷ್ಟು ಪ್ರಯೋಜನವಾಗುತ್ತದೆ ಎಂಬುದಕ್ಕೆ ಖಚಿತವಾದ ಆಧಾರ ಸಿಗಲಿಲ್ಲ. ಎಲ್ಲ ಹೆಂಗಸರ ಹೆರಿಗೆಯೂ ಗಂಟೆಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ ಸಾಗುವುದಿಲ್ಲ ಎಂಬುದೂ ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಆ ಓರೆ ಗೆರೆಗಳಿಲ್ಲದ ಹೊಸ ಮಾರ್ಗದರ್ಶಿ ಹಾಳೆಯನ್ನು ಹೊರತಂದಿತು. ಹಾಳೆ ತುಂಬಿದ ಮಾತ್ರಕ್ಕೆ ಕೆಲಸವಾಗುವುದಿಲ್ಲ. ಚುಕ್ಕಿ ಗೆರೆ ದಾಟಿದೆ ಎಂದು ಸೂಲಗಿತ್ತಿ ಹೇಳಿದಾಗ ಕೇಳುವ ಕಿವಿ ಬೇಕು, ಕರೆದೊಯ್ಯುವ ವಾಹನ ಬೇಕು.

ಯಾರನ್ನು ಕೇಳಬೇಕು?

ಇನ್ನು ನೇರ ಪ್ರಶ್ನೆಗೆ ಬರಬಹುದು. ಸಹಕಾರವನ್ನೇ ಅಳೆಯಲು ಇತ್ತೀಚಿನ ದಶಕಗಳಲ್ಲಿ ಪ್ರಶ್ನಾವಳಿಗಳು ಬಂದಿವೆ. ಅಮೆರಿಕದ ಜುಡಿತ್ ಬ್ಯಾಗ್ಸ್ 1994ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ನಿರ್ದಿಷ್ಟ ರೋಗಿಯ ಬಗ್ಗೆ ತೆಗೆದುಕೊಂಡ ನಿರ್ಧಾರದಲ್ಲಿ ಇಬ್ಬರೂ ಕೂಡಿ ಯೋಚಿಸಿದರೇ, ಮಾತು ಮುಕ್ತವಾಗಿತ್ತೇ ಎಂದು ವೈದ್ಯನನ್ನೂ ದಾದಿಯನ್ನೂ ಬೇರೆ ಬೇರೆಯಾಗಿ ಕೇಳಿ, ಏಳರವರೆಗೆ ಅಂಕ ಹಾಕಿಸುವುದು. ಆಕೆಯ ಅಧ್ಯಯನ ನಡೆದದ್ದು ತೀವ್ರ ನಿಗಾ ಘಟಕಗಳಲ್ಲಿ. ಅಲ್ಲಿ ಕಂಡದ್ದು ಕುತೂಹಲಕರ. ಸಹಕಾರ ಚೆನ್ನಾಗಿತ್ತು ಎಂದು ದಾದಿಯರು ಹೇಳಿದ ಸಂದರ್ಭಗಳಲ್ಲಿ ರೋಗಿಗಳ ಸ್ಥಿತಿಯೂ ಉತ್ತಮವಾಗಿದ್ದುದು ಒಂದು ಘಟಕದಲ್ಲಿ ಕಂಡುಬಂತು. ವೈದ್ಯರು ಹಾಕಿದ ಅಂಕಗಳಿಗೂ ರೋಗಿಯ ಸ್ಥಿತಿಗೂ ಅಂಥ ನಂಟು ಕಾಣಲಿಲ್ಲ.

ಇದರ ಅರ್ಥ ಊಹಿಸುವುದು ಕಷ್ಟವಲ್ಲ. ಅಪ್ಪಣೆ ಕೊಡುವವನಿಗೆ ಎಲ್ಲವೂ ಸುಗಮವಾಗಿಯೇ ಕಾಣುತ್ತದೆ. ಸಂಬಂಧದಲ್ಲಿ ಬಿರುಕು ಇದ್ದರೆ ಅದು ಮೊದಲು ಗೊತ್ತಾಗುವುದು ಕೆಳಗೆ ನಿಂತವರಿಗೆ. ಮನೆಯಲ್ಲಿ ಒಗ್ಗಟ್ಟಿದೆಯೇ ಎಂದು ಯಜಮಾನನನ್ನು ಕೇಳಿದರೆ ಸಿಗುವ ಉತ್ತರ ಒಂದು, ಸೊಸೆಯನ್ನು ಕೇಳಿದರೆ ಸಿಗುವ ಉತ್ತರ ಇನ್ನೊಂದು. ಇಬ್ಬರ ಅಂಕಗಳನ್ನು ಕೂಡಿಸಿ ಸರಾಸರಿ ತೆಗೆದರೆ ಇರುವ ಸತ್ಯವೂ ಮರೆಯಾಗುತ್ತದೆ. ಇಬ್ಬರ ಅಂಕಗಳ ನಡುವಿನ ಅಂತರವೇ ಇಲ್ಲಿ ಮುಖ್ಯವಾದ ಅಳತೆ.

ಮನೋಭಾವವನ್ನು ಕೇಳುವ ಬದಲು ವ್ಯವಸ್ಥೆಯನ್ನು ಅಳೆದವರೂ ಇದ್ದಾರೆ. ಸರಸ್ವತಿ ವೇದಂ ಮತ್ತು ಸಂಗಡಿಗರು 2018ರಲ್ಲಿ ಅಮೆರಿಕದ ಎಲ್ಲ ರಾಜ್ಯಗಳಿಗೂ ಅಂಕ ಕೊಟ್ಟರು. ಸೂಲಗಿತ್ತಿ ಔಷಧ ಬರೆಯಬಹುದೇ? ವೈದ್ಯರ ಸಲಹೆ ಕೇಳಲು, ಹೆರಿಗೆಯವಳನ್ನು ಆಸ್ಪತ್ರೆಗೆ ವರ್ಗಾಯಿಸಲು ಕಾನೂನಿನಲ್ಲಿ ದಾರಿಯಿದೆಯೇ? ಅವಳ ಕೆಲಸಕ್ಕೆ ಸರ್ಕಾರಿ ವಿಮೆಯಿಂದ ಹಣ ಸಿಗುತ್ತದೆಯೇ? ಇಂಥ ಪ್ರಶ್ನೆಗಳಿಗೆ ನೂರು ಅಂಕಗಳಲ್ಲಿ ವಾಷಿಂಗ್‌ಟನ್ ರಾಜ್ಯಕ್ಕೆ 61, ನಾರ್ತ್ ಕ್ಯಾರೊಲಿನಾಗೆ 17 ಬಂದವು. ಹೆಚ್ಚು ಅಂಕದ ರಾಜ್ಯಗಳಲ್ಲಿ ಸಹಜ ಹೆರಿಗೆಗಳು ಹೆಚ್ಚಿದ್ದವು. ಸಿಸೇರಿಯನ್, ಅವಧಿಗೆ ಮೊದಲಿನ ಹೆರಿಗೆ, ನವಜಾತ ಶಿಶುಗಳ ಸಾವು ಕಡಿಮೆಯಿದ್ದವು. ಇದು ಕಾರಣವೋ ಅಥವಾ ಜೊತೆಯಲ್ಲಿ ಕಂಡುಬಂದ ಸಂಗತಿಯೋ ಎಂಬುದು ಇಂಥ ಅಧ್ಯಯನದಿಂದ ಸಾಬೀತಾಗುವುದಿಲ್ಲ. ಆದರೂ ಪ್ರಶ್ನೆಯ ದಿಕ್ಕು ಸರಿಯಾಗಿದೆ. ಇಬ್ಬರಿಗೂ ಪರಸ್ಪರ ಗೌರವವಿದ್ದರೂ, ಕಾನೂನು ಅವರ ನಡುವೆ ಗೋಡೆ ಕಟ್ಟಿದ್ದರೆ ಗೌರವದಿಂದ ಏನೂ ಆಗದು.

ಇನ್ನೊಂದು ಅಳತೆ ದಾರಿಯದು. 2011ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಪಾಯ ಕಡಿಮೆಯಿದ್ದ 64,538 ಹೆಂಗಸರ ಹೆರಿಗೆಗಳನ್ನು ನೋಡಲಾಯಿತು. ಮನೆಯಲ್ಲೇ ಹೆರಬೇಕೆಂದು ನಿರ್ಧರಿಸಿದ್ದ ಚೊಚ್ಚಲ ಗರ್ಭಿಣಿಯರಲ್ಲಿ ನೂರಕ್ಕೆ 45 ಮಂದಿಯನ್ನು ಹೆರಿಗೆಯ ವೇಳೆ ಅಥವಾ ಹೆರಿಗೆಯಾದ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಈ ಪ್ರಮಾಣ 12. ಸಾಗಿಸುವುದು ಸೂಲಗಿತ್ತಿಯ ಸೋಲೇನೂ ಅಲ್ಲ. ಅದು ದಿನನಿತ್ಯದ ಕೆಲಸ. ಹಾಗಿರುವಾಗ ಮನೆಯ ಬಾಗಿಲಿಂದ ಆಸ್ಪತ್ರೆಯ ಬಾಗಿಲವರೆಗಿನ ಹಾದಿಯಲ್ಲಿ ಮಾಹಿತಿ ಸರಿಯಾಗಿ ದಾಟುತ್ತದೆಯೇ, ಕಳಿಸಿದವಳನ್ನು ಬೈಯುತ್ತಾರೆಯೇ, ಬರಮಾಡಿಕೊಳ್ಳುತ್ತಾರೆಯೇ ಎಂಬುದೇ ಸಹಕಾರದ ನಿಜವಾದ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಸೋತರೆ ಏನಾಗುತ್ತದೆ ಎಂಬುದನ್ನೂ ಇಂಗ್ಲೆಂಡೇ ತೋರಿಸಿದೆ. ಮೊರೆಕ್ಯಾಂಬೆ ಕೊಲ್ಲಿಯ ಆಸ್ಪತ್ರೆಯೊಂದರ ಹೆರಿಗೆ ವಿಭಾಗದ ಬಗ್ಗೆ ಬಿಲ್ ಕರ್ಕಪ್ ನೇತೃತ್ವದ ತನಿಖೆಯ ವರದಿ 2015ರಲ್ಲಿ ಹೊರಬಂತು. ಸೂಲಗಿತ್ತಿಯರು, ಪ್ರಸೂತಿ ವೈದ್ಯರು, ಮಕ್ಕಳ ವೈದ್ಯರ ನಡುವಿನ ಸಂಬಂಧ ತೀರ ಹದಗೆಟ್ಟಿತ್ತು ಎಂದು ಅದು ಹೇಳಿತು. ಸಹಜ ಹೆರಿಗೆಯೇ ಆಗಬೇಕೆಂಬ ಕೆಲವು ಸೂಲಗಿತ್ತಿಯರ ಹಟವನ್ನೂ ಅದು ಟೀಕಿಸಿತು. ಬೇರೆ ರೀತಿಯ ಆರೈಕೆ ಸಿಕ್ಕಿದ್ದರೆ ಹನ್ನೊಂದು ಶಿಶುಗಳನ್ನೂ ಒಬ್ಬ ತಾಯಿಯನ್ನೂ ಉಳಿಸಬಹುದಾಗಿತ್ತು ಎಂಬುದು ವರದಿಯ ನಿರ್ಣಯ. ಸಹಕಾರವೆಂದರೆ ವೈದ್ಯನೇ ತಗ್ಗಬೇಕು ಎಂದಲ್ಲ. ತನ್ನ ಗೆರೆ ಎಲ್ಲಿ ಮುಗಿಯುತ್ತದೆ ಎಂಬುದು ಸೂಲಗಿತ್ತಿಗೂ ಗೊತ್ತಿರಬೇಕು.

ಈ ಎಲ್ಲ ಅಳತೆಗಳಲ್ಲೂ ಬಹುಕಾಲ ಒಬ್ಬಳನ್ನು ಕೇಳಿರಲೇ ಇಲ್ಲ. ಅವಳು ಹೆರುವವಳು. ವೇದಂ ಅವರ ತಂಡವೇ 2017ರಲ್ಲಿ ಏಳು ಪ್ರಶ್ನೆಗಳ ಇನ್ನೊಂದು ಅಳತೆಯನ್ನು ಪ್ರಕಟಿಸಿತು. ನಿರ್ಧಾರಗಳಲ್ಲಿ ತನ್ನ ಮಾತಿಗೆ ಬೆಲೆ ಸಿಕ್ಕಿತೇ, ಇರುವ ಆಯ್ಕೆಗಳನ್ನು ಯೋಚಿಸಲು ಸಮಯ ಕೊಟ್ಟರೇ ಎಂಬಂಥ ಪ್ರಶ್ನೆಗಳನ್ನು ಅಲ್ಲಿ ತಾಯಿಗೇ ಕೇಳಲಾಗುತ್ತದೆ. ಇಬ್ಬರು ಪರಿಣತರು ಒಮ್ಮತದಿಂದ ಸೇರಿ ಮೂರನೆಯವಳ ಮಾತನ್ನು ಕಡೆಗಣಿಸಿದರೆ ಅದನ್ನು ಒಳ್ಳೆಯ ಸಹಕಾರ ಎನ್ನಲಾಗದು.

ನಮ್ಮ ನಾಡಿನ ಲೆಕ್ಕ

ನಮ್ಮಲ್ಲಿ ಈ ಪ್ರಶ್ನೆ ಇನ್ನೊಂದು ರೂಪದಲ್ಲಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. 2018-20ರ ಅವಧಿಯ ಲೆಕ್ಕದಂತೆ ತಾಯಂದಿರ ಮರಣ ಪ್ರಮಾಣ ಭಾರತದಲ್ಲಿ ಲಕ್ಷಕ್ಕೆ 97, ಕರ್ನಾಟಕದಲ್ಲಿ 69, ನೆರೆಯ ಕೇರಳದಲ್ಲಿ 19. ಮನೆಯಿಂದ ಆಸ್ಪತ್ರೆಗೆ ತರುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಆಸ್ಪತ್ರೆಯೊಳಗೆ ಯಾರು ಯಾವ ಕೆಲಸ ಮಾಡಬೇಕೆಂಬ ಪ್ರಶ್ನೆ ಉಳಿದಿದೆ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಪ್ರಮಾಣ ದೇಶದಲ್ಲಿ ನೂರಕ್ಕೆ 21.5 ಇದ್ದರೆ ಕರ್ನಾಟಕದಲ್ಲಿ 31.5 ಇದೆ. ಸಹಜ ಹೆರಿಗೆಗೆ ಗಂಟೆಗಟ್ಟಲೆ ಜೊತೆಗಿದ್ದು ಕಾಯಬಲ್ಲವರು ಬೇಕು. ತಜ್ಞ ವೈದ್ಯರಿಗೆ ಆ ಬಿಡುವು ಇರುವುದಿಲ್ಲ. ಅದು ಸೂಲಗಿತ್ತಿಯ ವಿದ್ಯೆ.

ಭಾರತ ಸರ್ಕಾರ 2018ರ ಡಿಸೆಂಬರಿನಲ್ಲಿ ಸೂಲಗಿತ್ತಿ ಸೇವೆಯ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅನುಭವಿ ದಾದಿಯರಿಗೆ 18 ತಿಂಗಳ ತರಬೇತಿ ಕೊಟ್ಟು, ಆಸ್ಪತ್ರೆಗಳಲ್ಲೇ ಅವರ ನೇತೃತ್ವದ ಹೆರಿಗೆ ಘಟಕಗಳನ್ನು ತೆರೆಯುವುದು ಅದರ ಆಶಯ. ಅದೇ ತಿಂಗಳ 25ರಂದು ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ತೀರಿಕೊಂಡರು. ಶಾಲೆಯ ಮುಖ ಕಾಣದ ಆ ಅಜ್ಜಿಗೆ ಅದೇ ವರ್ಷ ಪದ್ಮಶ್ರೀ ಬಂದಿತ್ತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ನಾಡು ಅವರನ್ನು ಗೌರವಿಸಿತು. ಆ ಸಂಖ್ಯೆ ದೊಡ್ಡದು. ಆದರೆ ಅವರು ಯಾವಾಗ ‘ಇದು ನನ್ನ ಕೈಮೀರಿದ್ದು’ ಎಂದರು, ಆಗ ಯಾವ ವೈದ್ಯರು ಓಗೊಟ್ಟರು, ಕಲಿತದ್ದನ್ನು ಯಾರು ಬರೆದುಕೊಂಡರು ಎಂಬುದು ಆ ಸಂಖ್ಯೆಯೊಳಗೆ ಇಲ್ಲ. ಸ್ವೀಡನ್ನಿನ ಸೂಲಗಿತ್ತಿಗೂ ನಮ್ಮ ಸೂಲಗಿತ್ತಿಗೂ ಇದ್ದ ಅಂತರ ಕೈಗುಣದಲ್ಲಿ ಇರಲಿಲ್ಲ. ಒಬ್ಬಳ ಕೆಲಸವನ್ನು ವ್ಯವಸ್ಥೆ ಬರೆಸಿಕೊಂಡು ಓದಿತು. ಇನ್ನೊಬ್ಬಳಿಗೆ ವ್ಯವಸ್ಥೆ ಕೊನೆಗಾಲದಲ್ಲಿ ಶಾಲು ಹೊದೆಸಿತು.

ನಮ್ಮ ಗರ್ಭಿಣಿಯರ ಕೈಯಲ್ಲಿ ಈಗ ತಾಯಿ ಕಾರ್ಡ್ ಇರುತ್ತದೆ. ಉಪಕೇಂದ್ರದ ಎಎನ್‌ಎಂ ಅದರಲ್ಲಿ ತೂಕ, ರಕ್ತದೊತ್ತಡ ಬರೆಯುತ್ತಾರೆ. ಆಸ್ಪತ್ರೆಯ ವೈದ್ಯರೂ ಅದರಲ್ಲೇ ಬರೆಯುತ್ತಾರೆ. ಇಬ್ಬರ ಕೈಬರಹವೂ ಒಂದೇ ಪುಸ್ತಕದಲ್ಲಿ ಸೇರುವ ಅಪರೂಪದ ಜಾಗ ಅದು. ಎಎನ್‌ಎಂ ಬರೆದ ಎಚ್ಚರಿಕೆಯನ್ನು ವೈದ್ಯರು ಓದಿದರೇ, ಎಷ್ಟು ಹೊತ್ತಿಗೆ ಓದಿದರು, ಏನು ಉತ್ತರ ಕೊಟ್ಟರು ಎಂಬುದಕ್ಕೆ ಅಲ್ಲಿ ಒಂದು ಸಾಲು ಜಾಗವಿದ್ದು ಅದನ್ನು ತಪ್ಪದೆ ತುಂಬಿದರೆ, ಸಹಕಾರವನ್ನು ಅಳೆಯಲು ಬೇರೆ ದೇಶದ ಪ್ರಶ್ನಾವಳಿಗೆ ಕಾಯಬೇಕಾಗಿಲ್ಲ. ಪಾದ್ರಿಗಳ ಕೋಷ್ಟಕದಲ್ಲಿ ಹೆರಿಗೆಯ ಸಾವಿಗೆಂದು ಒಂದು ಸಾಲು ಸೇರಿಸಿದ್ದರಿಂದ ಒಂದು ದೇಶದ ಚರಿತ್ರೆ ಬದಲಾದದ್ದುಂಟು.